ಎಲೆಯಿಲ್ಲದ ಕಡ್ಡಿ

ಈ ಮುದುಕನಿಗೆ, ಅಂದರೆ ನನಗೆ, ಮರೆವು ಎಂದು ಹಲ್ಲು ಕಿಸಿಯುವವರು ಬಾಯಿ ಮುಚ್ಚಿ ಕೇಳಿ. ಇದು ಮೊನ್ನೆ ಮಂಗಳವಾರ ಕಾಡಂಚಿನ ಹಾಡಿಯಲ್ಲಿ ನಡೆದದ್ದು.

ಕಾಡಿಗೆ ಯಾರೂ ಕಾಲಿಡಬಾರದೆಂದು ಬೇಲಿ ಹಾಕಿ ಎರಡು ವರ್ಷವಾಗಿತ್ತು. ಈಗ ಗಿಡ ಗುರುತು ಹಿಡಿದವರಿಗೆ ಹಣ್ಣು ಆಯಲು ಪಾಸು ಕೊಡುತ್ತಾರಂತೆ ಎಂದು ಸುದ್ದಿ ಹಬ್ಬಿತು. ಪಾಸು ಸಿಗದಿದ್ದರೆ ಹಾಡಿ ಬಿಟ್ಟು ಕೂಲಿಗೆ ಗುಳೆ ಹೋಗಬೇಕು. ಹೆಂಗಸರೆಲ್ಲ ಸಾಲು ನಿಂತರು. ಎಲ್ಲರಿಗಿಂತ ಮುಂದೆ ಬೊಮ್ಮಿ.

ಅರಣ್ಯದ ಸಾಹೇಬರು ಒಣಗಿದ ಮುಳ್ಳುಕಡ್ಡಿಯೊಂದನ್ನು ಮುಂದಿಟ್ಟರು. “ಇದ್ಯಾವ ಗಿಡ?”

“ಕವಳೆ ಅಲ್ವಾ ಬುದ್ದಿ! ಮುಳ್ಳು ಜೋಡಿ ಅದೆ ನೋಡಿ. ಎಲೆನೂ ಎದುರುಬದುರು ಜೋಡೀಲೇ ಬತ್ತದೆ. ಹಸೀದು ಮುರುದ್ರೆ ಹಾಲು ಸುರೀತದೆ. ಹಣ್ಣು ಮೊದ್ಲು ಕೆಂಪು, ಆಮೇಕೆ ಕಪ್ಪು.”

“ಕಾರೆ ಯಾಕಾಗಿರಬಾರ್ದು?”

“ಕಾರೇಲಿ ಹಾಲು ಎಲ್ ಬತ್ತದೆ? ನಿಮ್ಗ್ಯಾರು ಹೇಳ್ಕೊಟ್ರು ಬುದ್ದಿ?”

ಸಾಲೆಲ್ಲ ನಕ್ಕಿತು. ಸಾಹೇಬರೂ ನಕ್ಕರು. “ಈ ಸಲ ಹಣ್ಣು ಹೇಗಿದೆ?”

ಪಾಸು ಕೈಗೆ ಬಂದ ಹಾಗೇ ಎಂದು ಬೊಮ್ಮಿ ಹಿಗ್ಗಿದಳು. “ಕಾಡೊಳಗೆ ಕೆರೆ ಮೇಗಡೆ ನಾಕು ಪೊದೆ ತುಂಬ ಅದೆ. ನಿನ್ನೆ ತಾನೆ ಕಿತ್ಕೊಂಡು ತಿಂದೆ.”

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. “ಅಕ್ರಮ ಪ್ರವೇಶ ಅಂತ ಬರ್ಕೋ. ಹೆಬ್ಬೆಟ್ಟು ಒತ್ತಿಸ್ಕೋ.”

ಮುಂದಿನ ಸರದಿ ಬೊಮ್ಮಿಯ ಅತ್ತೆಯದು. ಆ ನಾಲ್ಕು ಪೊದೆಗಳನ್ನು ಸೊಸೆಗೆ ತೋರಿಸಿಕೊಟ್ಟವಳೇ ಅವಳು. ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇಂಥ ಗಿಡವ ನಾ ಹುಟ್ಟಿದಾಗಿಂದ ಕಂಡೇ ಇಲ್ಲ ಬುದ್ದಿ.”

ಮುಂದಿನ ವಾರ ಆ ಕಡ್ಡಿ ಪಕ್ಕದ ಹಾಡಿಗಳಿಗೂ ಹೋಗುತ್ತದೆ. ಅದಕ್ಕೂ ಮೊದಲು ಈ ಕತೆಯನ್ನು ಅಲ್ಲಿಗೆ ಮುಟ್ಟಿಸಿ.