ಗಟ್ಟಿ ಮನೆ

"ಒಳಗ ಬರ್ರಿ ಸಾಹೇಬ್ರ, ಖುದ್ದ ನೋಡ್ರಿ," ಎಂದಳು ಅನಸುಬಾಯಿ.

ವಿಮಾ ಕಂಪನಿಯ ಸರ್ವೇಯರ್ ಅಶೋಕಕುಮಾರ ಹೊಸ್ತಿಲ ಆಚೆಯೇ ನಿಂತು ಕತ್ತೆತ್ತಿದರು. ಬೆಂಕಿಯ ಕಾವಿಗೆ ಚಾವಣಿಗೆ ಹೊದಿಸಿದ ಪರ್ಸಿಕಲ್ಲಿನ ಚಪ್ಪಡಿಗಳು ಕಪ್ಪಿಟ್ಟಿದ್ದವು. ನಡುವಿನದೊಂದು ಉದ್ದಕ್ಕೆ ಸೀಳಿತ್ತು. "ಬ್ಯಾಡ್ರಿ, ಇಲ್ಲಿಂದಾನೇ ಕಾಣಸ್ತದ," ಎಂದು ಮೊಬೈಲ್ ಹಿಡಿದ ಕೈಯನ್ನಷ್ಟೇ ಒಳಚಾಚಿ ಫೋಟೊ ಹೊಡೆದುಕೊಂಡರು.

ರಾವೂರಿನ ಆ ಮನೆಯಲ್ಲಿ ಹೋದ ವಾರ ಮೀಟರ್ ಬೋರ್ಡಿನ ಕಿಡಿ ಹಾಸಿಗೆಗೆ ಹಾರಿತ್ತು. ಕಪಾಟು, ಟಿವಿ, ಅನಸುಬಾಯಿಯ ಹೊಲಿಗೆ ಮಷಿನ್, ಓಣಿಯ ಹೆಂಗಸರು ಹೊಲಿಯಲು ಕೊಟ್ಟಿದ್ದ ಜಂಪರ್ ಬಟ್ಟೆಗಳು, ಯಾವುದೂ ಉಳಿದಿರಲಿಲ್ಲ. ಗಂಡಹೆಂಡತಿ ಈಗ ಪಕ್ಕದ ಹಸೀನಾಬೇಗಂ ಅವರ ಪಡಸಾಲೆಯಲ್ಲಿ ಮಲಗುತ್ತಿದ್ದರು.

"ಸಾಮಾನಿಗಿ ಏನೂ ಬರಂಗಿಲ್ರಿ. ಬ್ಯಾಂಕಿನವ್ರು ಸಾಲ ಕೊಡಾಗ ವಿಮಾ ಮಾಡ್ಸಿದ್ದು ಬರೇ ಗ್ವಾಡಿಗಿ, ಛತ್ತಿಗಿ," ಎಂದರು ಸರ್ವೇಯರ್, ಗೋಡೆ ಚಾವಣಿಗಳತ್ತ ಬೆರಳು ತೋರಿಸುತ್ತ.

"ಛತ್ತಿಂದಾದ್ರೂ ಬರೀರಿ ಸಾಹೇಬ್ರ," ಎಂದ ಗಂಡ ಸೂರ್ಯಕಾಂತ. ಕಾಲೇಜಿನಲ್ಲಿ ಸಿಪಾಯಿಯಾದ ಅವನಿಗೆ ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿದವರ ಮುಂದೆ ಕೈಕಟ್ಟಿ ನಿಲ್ಲುವುದೇ ರೂಢಿ.

"ಛತ್ತಿಗಿ ಏನಾಗ್ಯಾದ? ಹೊಗಿ ಹತ್ಯಾದ, ಸುಣ್ಣ ಹಚ್ಚಿದ್ರ ಹೋಗ್ತದ. ಭಾಳ ಗಟ್ಟಿ ಮನಿ ಕಟ್ಟೀರಿ, ಬಿಡ್ರಿ!"

ಹೊಗಳಿಕೆಗೆ ಸೂರ್ಯಕಾಂತನ ಮುಖ ಒಂದು ಗಳಿಗೆ ಅರಳಿಯೂ ಬಿಟ್ಟಿತು. ಸರ್ವೇಯರ್ 'ಕಟ್ಟಡ ಸುಭದ್ರ' ಎಂದು ಬರೆದು ಹಾಳೆಯನ್ನು ಅನಸುಬಾಯಿಯತ್ತ ಹಿಡಿದರು. ಮನೆ ಅವಳ ಹೆಸರಿನಲ್ಲಿತ್ತು. "ಅಕ್ಕಾರ, ಒಂದು ಸಹಿ ಮಾಡ್ರಿ."

ಅನಸುಬಾಯಿ ಹಾಳೆ ಇಸಿದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೂದಿ ತುಳಿಯುತ್ತ ಒಳಗೆ ಹೋಗಿ, ಸೀಳಿದ ಕಲ್ಲಿನ ಕೆಳಗೇ ಕುಳಿತುಬಿಟ್ಟಳು.

"ಏ, ಹೊರಗ ಬಾ! ಮೈಮ್ಯಾಲೆ ಬಿದ್ದೀತು!" ಸೂರ್ಯಕಾಂತ ಚೀರಿದ.

"ಅಕ್ಕಾರ, ಜೀವಕ್ಕ ಧೋಕಾ ಅದ, ಏಳ್ರಿ!" ಎಂದರು ಸರ್ವೇಯರ್.

"ಗಟ್ಟಿ ಅದ ಅಂತ ಈಗ ನೀವೇ ಬರದ್ರಲ್ರಿ. ಬರ್ರಿ, ಕುಂದ್ರಿ. ನನ್ನ ಬಾಜೂಕ ಕುಂತ್ರ ಸಹಿ ಮಾಡ್ತೀನಿ."

ಸಹಿ ಆಗದಿದ್ದರೆ ಈ ಬಿಸಿಲಲ್ಲಿ ಕಲಬುರಗಿಯಿಂದ ಮತ್ತೊಮ್ಮೆ ಬರಬೇಕು. ಹಸೀನಾಬೇಗಂ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸರ್ವೇಯರ್ ಸರಸರ ತಮ್ಮ ಬೈಕಿನ ಹತ್ತಿರ ನಡೆದರು. ಸಾಹೇಬರು ಮುನಿಸಿಕೊಂಡು ಹೊರಟರೆಂದು ಸೂರ್ಯಕಾಂತ ಕೈಮುಗಿಯುತ್ತ ಹಿಂದೆ ಓಡಿದ.

ಅವರು ಹೊರಡಲಿಲ್ಲ. ಹೆಲ್ಮೆಟ್ ತಲೆಗೇರಿಸಿ, ಗದ್ದದ ಪಟ್ಟಿ ಬಿಗಿದುಕೊಂಡು, ಗಾಜು ಕೆಳಗೆಳೆದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದರು.

ಅನಸುಬಾಯಿ ನಗಲಿಲ್ಲ. "ಸಾಹೇಬ್ರ, ತೆಲಿಮ್ಯಾಲಿಂದು ತಗೀರಿ. ಮನಿ ಗಟ್ಟಿ ಅದ," ಎಂದಳು.

ಮೇಲಿಂದ ಒಂದಿಷ್ಟು ಪುಡಿ ಉದುರಿ ಹೆಲ್ಮೆಟ್ಟಿನ ಮೇಲೆ ಚಟಪಟ ಎಂದಿತು. ಸರ್ವೇಯರ್ ಅವಳ ಕೈಯಿಂದ ಹಾಳೆ ಕಿತ್ತುಕೊಂಡು ಅಂಗಳಕ್ಕೆ ಜಿಗಿದರು. ಬರೆದದ್ದನ್ನು ಹೊಡೆದುಹಾಕಲು ಮಾತ್ರ ಕೈ ಬರಲಿಲ್ಲ. ಬಹಳ ಹೊತ್ತು ಯೋಚಿಸಿ, ಅದರ ಮುಂದೆಯೇ ಸೇರಿಸಿದರು: 'ಕಟ್ಟಡ ಸುಭದ್ರ, ಆದರೆ ಯಾರೂ ಅದರೊಳಗೆ ಹೋಗತಕ್ಕದ್ದಲ್ಲ.'