ಉತ್ತರ ಕೊಡದ ಯಂತ್ರ

ಉಮರ್ಗಾ ಬಸ್ ನಿಲ್ದಾಣದಲ್ಲಿ ಇಳಿದವಳೇ ವಿದ್ಯಾವತಿ ಟಿಕಳಿಯ ಪಾಕೀಟು ಕೊಂಡಳು. ಪಾನ್ ಅಂಗಡಿಯ ಕನ್ನಡಿಯಲ್ಲಿ ನೋಡಿ ಒಂದನ್ನು ಹಣೆಗೆ ಅಂಟಿಸಿಕೊಂಡಳು. ಬರಿ ಹಣೆಯಲ್ಲಿ ಪರರ ಹೊಸ್ತಿಲು ತುಳಿದರೆ ಮೊದಲ ಮಾತೇ ಬೇರೆ ದಾರಿ ಹಿಡಿಯುತ್ತದೆ. ಅವಳು ಬಂದದ್ದು ಕಳ್ಳನನ್ನು ಹಿಡಿಯಲಿಕ್ಕೆ.

ಕದ್ದದ್ದು ಹೆಸರು. ಗಂಡ ಕೈಲಾಸನ ಗೆಳೆಯ ರೇವಣಸಿದ್ಧನ ಹೆಸರಿನಲ್ಲಿ ಬೇರೆ ಯಾರೋ ಬರೆಯುತ್ತಿದ್ದಾರೆಂಬ ಗುಮಾನಿ ಅವಳಿಗೆ. ಇಂಥದ್ದು ಅವಳ ಕಣ್ಣಿಗೆ ಬೇಗ ಬೀಳುತ್ತದೆ.

ಹಿಂದೊಮ್ಮೆ ಕೈಲಾಸ, ರೇವಣಸಿದ್ಧ ಇಬ್ಬರೂ ಉದಗೀರದಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಮದುವೆ ವಿಡಿಯೋಗಳಿಗೆ ಹಾರುವ ನಂದಿ, ಅರಳುವ ಕಮಲ. ಅಂಥ ಒಂದೊಂದು ಚಿತ್ರವನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಬೇಕು. ಒಂದೇ ಯಂತ್ರಕ್ಕೆ ಬಿಟ್ಟರೆ ಮದುಮಗಳು ಬಾಣಂತಿಯಾದರೂ ಮುಗಿಯದು. ಅದಕ್ಕೇ ಹಳೆಯ ಯಂತ್ರಗಳನ್ನೆಲ್ಲ ಜೋಡಿಸಿ ರೆಂಡರ್ ಫಾರ್ಮ್ ಮಾಡಿದರು. ಯಾವ ಯಂತ್ರಕ್ಕೆ ಯಾವ ಚಿತ್ರ ಎಂದು ಕೆಲಸ ಹಂಚುವ ಸಾಫ್ಟ್‌ವೇರನ್ನು ತಾವೇ ಬರೆದು ‘ಪಾಳಿ’ ಎಂದು ಹೆಸರಿಟ್ಟರು. ಓಪನ್ ಸೋರ್ಸ್: ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಎಲ್ಲೆಲ್ಲಿಯವರೋ ಬಳಸಿದರು, ತಿದ್ದಿದರು.

ಜಗಳವಾದದ್ದು ಒಂದೇ ಮಾತಿಗೆ. ಕೆಲಸದ ನಡುವೆ ಯಂತ್ರವೊಂದು ಉತ್ತರ ಕೊಡುವುದನ್ನು ನಿಲ್ಲಿಸಿದರೆ ಏನು ಮಾಡಬೇಕು? ಸತ್ತಿತೆಂದು ತಿಳಿದು ಅದರ ಕೆಲಸ ಬೇರೆ ಯಂತ್ರಕ್ಕೆ ಕೊಡು ಎಂದ ಕೈಲಾಸ. ಕಾಯಬೇಕು ಎಂದ ರೇವಣಸಿದ್ಧ. ಸಣ್ಣವನಿದ್ದಾಗ ಭೂಕಂಪದ ಕಲ್ಲುಮಣ್ಣಿನಡಿ ಸಿಕ್ಕಿಕೊಂಡಿದ್ದವನು ಅವನು. ಕೂಗಿದವರು ಉತ್ತರ ಬರಲಿಲ್ಲವೆಂದು ಮುಂದೆ ಹೋಗಿದ್ದರು. ಅವ್ವ ಬಂಡಮ್ಮ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ಅದು ಗೊತ್ತಿದ್ದೂ ಕೈಲಾಸ, “ಯಂತ್ರಕ್ಕೇನು ಅವ್ವ ಇರ್ತಾಳೇನೋ?” ಎಂದು ನಕ್ಕ. ಆಡಬಾರದ ಮಾತು. ರೇವಣಸಿದ್ಧ ತನ್ನ ಪಾಲಿನ ಯಂತ್ರಗಳನ್ನು ಟೆಂಪೋದಲ್ಲಿ ಹೇರಿಕೊಂಡು ಉಮರ್ಗಾಕ್ಕೆ ಹೊರಟುಹೋದ.

ಮಾತು ನಿಂತಿತು. ಇಂಟರ್ನೆಟ್ಟಿನಲ್ಲಿ ಪಾಳಿಯ ಕೆಲಸ ನಿಲ್ಲಲಿಲ್ಲ. ಒಬ್ಬ ತಿದ್ದಿದ್ದರ ಕೆಳಗೆ ಇನ್ನೊಬ್ಬ ಕನ್ನಡದಲ್ಲೇ ಎರಡು ಸಾಲು ಬರೆದು ಕುಟುಕುತ್ತಿದ್ದ. ಕೊರೋನಾ ಬಂತು. ಯಾರೂ ಯಾರ ಮಣ್ಣಿಗೂ ಹೋಗದ ಬೇಸಿಗೆ ಅದು. ಆ ಬೇಸಿಗೆಯ ಕೊನೆಗೆ ಉದಗೀರದಿಂದಲೇ ಸೋಲೊಪ್ಪಿ ಬರೆದದ್ದಾಯಿತು: “ನಿನ್ನ ಮಾತೇ ಖರೆ. ಕಾಯೋಣ.” ಉಮರ್ಗಾದಿಂದ ಉತ್ತರ ಬಂತು: “ಸಿಟ್ಟು ಬಿಟ್ಟಿಯಲ್ಲ, ಅಷ್ಟು ಸಾಕು.” ಅಲ್ಲಿಂದ ಕುಟುಕು ಹೋಯಿತು. ಊಟವಾಯಿತೇ ಎಂದು ಕೇಳುವವರೆಗೂ ಬಂತು.

ಹೀಗಿರುವಾಗ ಹೋದ ವಾರ ರೇವಣಸಿದ್ಧನ ಹೆಸರಿನಲ್ಲಿ ಈ ಸಾಲು: “ಕಾದದ್ದು ಸಾಕು. ಕೆಲಸ ಬೇರೆಯವರಿಗೆ ಕೊಟ್ಟುಬಿಡೋಣ.”

ವಿದ್ಯಾವತಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ರೇವಣಸಿದ್ಧ ಸತ್ತರೂ ಹೀಗೆ ಬರೆಯುವವನಲ್ಲ. ಕೈಲಾಸನೇ ಹೋಗಿ ವಿಚಾರಿಸಬಹುದಿತ್ತಲ್ಲ ಎನ್ನಬೇಡಿ. ಉಮರ್ಗಾದ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಹಾಕಿದ್ದ ಹಠಮಾರಿ. ಅದನ್ನು ಮುರಿಯಲೇ ಇಲ್ಲ. ಅವಳೇ ನಿಲಂಗಾದಲ್ಲಿ ಬಸ್ಸು ಬದಲಿಸಿ ಬಂದಳು.

ಬಾಗಿಲು ತೆಗೆದವಳು ರೇವಣಸಿದ್ಧನ ಹೆಂಡತಿ ಶುಭಾಂಗಿ. ಹಣೆ ತುಂಬ ವಿಭೂತಿ.

“ಅಯ್ಯ, ವೈನಿ! ಬರ್ರಿ, ಒಳಗ ಬರ್ರಿ.” ಅವಳು ವಿದ್ಯಾವತಿಯ ಬೆನ್ನ ಹಿಂದೆ ನೋಡಿದಳು. “ಕೈಲಾಸಣ್ಣ ಬಂದಿಲ್ಲೇನ್ರಿ? ಆರಾಮ ಅದಾರಿಲ್ಲೋ?”

“ಅವರಿಗಿ ಈಗ ಯಾವ ತ್ರಾಸೂ ಇಲ್ಲ. ರೇವಣಸಿದ್ಧಣ್ಣ ಎಲ್ಲಿ?”

“ಹೊರಗ ಹೋಗ್ಯಾರ.”

“ಯಾವಾಗ ಬರ್ತಾರ?”

“ಹೇಳಲಾಕ ಬರಂಗಿಲ್ರಿ.” ಶುಭಾಂಗಿ ಚಹಾ ಇಡಲು ಎದ್ದಳು.

ಚಹಾ ಕುಡಿಯುತ್ತ ವಿದ್ಯಾವತಿ ನೇರವಾಗಿ ಕೇಳಿದಳು. “ಅಣ್ಣನ ಹೆಸರಲೆ ಬ್ಯಾರೆ ಯಾರೋ ಬರೀಲಾಕತ್ತಾರ. ಮಣ್ಣಾಗಿಂದ ಎದ್ದು ಬಂದ ಮನಷ್ಯಾ, ಕಾದದ್ದು ಸಾಕು ಅಂತಾನೇನು? ಯಾರದು ಆ ಕೆಲಸ?”

ಶುಭಾಂಗಿ ಬಸಿಯನ್ನು ಕೆಳಗಿಟ್ಟಳು. “ಇನ್ನ ಸ್ವಲ್ಪ ಚಹಾ ಹಾಕಲೇನ್ರಿ?” ಎಂದಳು. ಪಕ್ಕದ ಕೋಣೆಯಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು. ವಿದ್ಯಾವತಿ ಬೇಸರದಿಂದ ಹೊರಡಲು ಎದ್ದಳು.

“ಹಂಗ ಹೋಗಬ್ಯಾಡ್ರಿ, ಕುಂಕುಮ ತೊಗೊಂಡು ಹೋಗ್ರಿ,” ಎಂದು ಶುಭಾಂಗಿ ಹಿತ್ತಲ ಬಾಗಿಲಿಗೆ ಹೋಗಿ ನೆರೆಯವಳನ್ನು ಕೂಗಿದಳು. “ಸರುಬಾಯಿ, ಇಲ್ಲಿ ಬರ್ರಿ ಸ್ವಲ್ಪ. ವೈನಿಗಿ ಕುಂಕುಮ ಹಚ್ಚೂದದ.”

“ಅವರ್ಯಾಕ? ನೀವೇ ಹಚ್ಚರಿ.”

ಶುಭಾಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ನಾ ಹಚ್ಚಬಾರದು, ವೈನಿ.”

ಆಮೇಲೆ ಕಟ್ಟೆ ಒಡೆಯಿತು. “ಕರೋನಾದಾಗ ಹೋದ್ರು. ಮಣ್ಣಿಗಿ ನಾಕ ಮಂದಿನೂ ಇರಲಿಲ್ಲ. ಕೈಲಾಸಣ್ಣಗ ಫೋನ್ ಹಚ್ಚಿದೆ, ಬಂದ್ ಇತ್ತು. ಸಿಟ್ಟಿಗಿ ನಂಬರೇ ಬದಲಿ ಮಾಡ್ಯಾರ ಅನ್ಕೊಂಡೆ. ಪಾಳಿದಾಗ ಬರದು ತಿಳಸಬೇಕಂತ ಕುಂತ್ರ, ಅಣ್ಣಂದೇ ಬಂದಿತ್ತು, ‘ನಿನ್ನ ಮಾತೇ ಖರೆ’ ಅಂತ. ಇವರು ಕಡೀತನಾ ಆ ಒಂದು ಮಾತಿಗಿ ಕಾಯ್ದಿದ್ರು. ಕೇಳಾಂವ ಇಲ್ಲ ಅಂತ ಹ್ಯಾಂಗ ಬರೀಲಿ? ಇವರ ಹೆಸರಲೆ ನಾನೇ ಉತ್ತರ ಬರದೆ. ಹೋದ ವಾರ ಮಾತ್ರ ತಡೀಲಿಲ್ಲ. ನನಗ ಬರಲಾರದವರಿಗಿ ಕಾದು ಕಾದು ಸಾಕಾಗಿತ್ತು, ಅದನ್ನೇ ಬರದೆ.”

ವಿದ್ಯಾವತಿ ಅಲ್ಲೇ ಕೂತುಬಿಟ್ಟಳು. ಶುಭಾಂಗಿ ಅವಳ ಎರಡೂ ಕೈ ಹಿಡಿದುಕೊಂಡಳು.

“ಕೈಲಾಸಣ್ಣಗ ಹೇಳಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ. ಗೆಳ್ಯಾ ಅದಾನ ಅಂತ ತಿಳ್ಕೊಂಡು ಎಷ್ಟು ಛಂದ ಬರೀತಾರ. ಅವರು ಉಂಡಿಯೇನು ಅಂತ ಕೇಳಿದ ದಿನಾನೇ ನಾ ಹೊಟ್ಟಿ ತುಂಬ ಉಣ್ತೀನಿ.”

ಸರುಬಾಯಿ ಕುಂಕುಮದ ಕರಡಿಗೆ ಹಿಡಿದು ಒಳಗೆ ಬಂದಳು. ಬೆರಳನ್ನು ಅದರಲ್ಲಿ ಅದ್ದಿ ಮುಂದೆ ಚಾಚಿದಳು. ವಿದ್ಯಾವತಿ ಆ ಕೈಯನ್ನು ತಡೆದು, ಪಾನ್ ಅಂಗಡಿಯ ಮುಂದೆ ಅಂಟಿಸಿಕೊಂಡಿದ್ದ ಟಿಕಳಿಯನ್ನು ಹಣೆಯಿಂದ ಕಿತ್ತಳು.

“ನನಗೂ ಹಚ್ಚಬಾರದು, ಶುಭಾಂಗಿ. ಉಂಡಿಯೇನು ಅಂತ ಕೇಳ್ತಿದ್ದಾಕಿ ನಾನ.”