ಗಂಟಿನ ಮರ್ಯಾದೆ

"ಕ್ಯಾನ್ಸರ್ ಅಲ್ಲಮ್ಮ," ಎಂದರು ಡಾಕ್ಟರ್ ಭಾನುಪ್ರಿಯ, ರಿಪೋರ್ಟು ಮಡಚುತ್ತಾ. "ಅಪರೂಪಕ್ಕೆ ಹೊಟ್ಟೆಯಲ್ಲಿ ಇಂಥ ಗಂಟು ಬೆಳೆಯುತ್ತೆ. ಸ್ಕ್ಯಾನಿನಲ್ಲಿ ನೋಡಿದವರು ಯಾರಾದರೂ ಹೆದರಬೇಕು. ಆದರೆ ಇದು ಏನೂ ಮಾಡಲ್ಲ, ತನ್ನ ಪಾಡಿಗೆ ಇರುತ್ತೆ. ಯಜಮಾನರನ್ನ ಕರೀರಿ, ಹೇಳ್ತೀನಿ."

ಚಿಕ್ಕಲಕ್ಷ್ಮಮ್ಮ ಎದ್ದು, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದಳು.

"ಮೇಡಮ್ಮೋರೆ, ಒಂದ್ ಹನ್ನೆರಡು ದಿವ್ಸ ಬುಟ್ಟು ಹೇಳುದ್ರೆ ಆಗಕಿಲ್ವಾ?"

"ಯಾಕಮ್ಮ?"

"ಮನೇಲಿ ರೇಷ್ಮೆ ಹುಳ ಮೂರ್ನೇ ಜ್ವರ ಎದ್ದವೆ, ಪೊರೆ ಬುಟ್ಟವೆ. ಅವು ಹಣ್ಣಾಗಿ ಗೂಡು ಕಟ್ಟೋಗಂಟ ಒಸಿ ಸುಮ್ಕಿದ್ಬುಡಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಸಾತನೂರಿನ ಮನೆಯಲ್ಲಿ ಮೂವತ್ತು ವರ್ಷ ಹುಳುವಿಗೆ ಸೊಪ್ಪು ಹಾಕಿ, ಕಸ ಬಳಿದು, ಹುಳು ಬಿಟ್ಟು ಹೋಗಬಾರದೆಂದು ತವರಿನ ಮದುವೆಗಳನ್ನೂ ಬಿಟ್ಟವಳು ಅವಳು. ಗಂಡ ಬೋರಲಿಂಗಯ್ಯನ ಬಾಯಲ್ಲಿ ಅವಳ ಹೆಸರು 'ಏಯ್'. ಸ್ಕ್ಯಾನಿನಲ್ಲಿ ಗಂಟು ಕಂಡಿದ್ದೇ ತಡ, ಹೆಂಡತಿಯ ಹೆಸರು 'ಲಕ್ಷ್ಮಿ' ಎಂದು ಮಹಾನುಭಾವನಿಗೆ ನೆನಪಾಯಿತು. ಹತ್ತು ದಿನದಿಂದ ಸೊಪ್ಪು ಕೊಯ್ಯುವುದು ಅವನೇ, ಕಸ ಬಳಿಯುವುದು ಅವನೇ, ಮುದ್ದೆ ತಿರುವಲು ಹೋಗಿ ಕೈ ಸುಟ್ಟುಕೊಂಡವನೂ ಅವನೇ. 'ಮೊದ್ಲು ನೀನು ಉಣ್ಣು' ಎಂಬ ಮಾತು ಅವಳ ಕಿವಿಗೆ ಬಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು. ದೇವರ ಕೈಲೂ ಆಗದ ಕೆಲಸವನ್ನು ಗಂಟು ಮಾಡಿ ತೋರಿಸಿತ್ತು.

"ಸುಳ್ಳು ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರ್. "ಬೇಕಾದರೆ ನೀವೇ ಹೇಳಿಕೊಳ್ಳಿ."

ಹೊರಗೆ ಬೆಂಚಿನ ಮೇಲೆ ಬೋರಲಿಂಗಯ್ಯ ಬ್ಯಾಗು ತಬ್ಬಿಕೊಂಡು ಕೂತಿದ್ದ. "ಏನಂದ್ರು ಲಕ್ಷ್ಮಿ?" ಎಂದ. ಅವಳ ಕರುಳು ಚುರುಕ್ಕೆಂದಿತು. ಹಾಳು ಕರುಳು, ಹನ್ನೆರಡು ದಿನವಿರಲಿ, ಹನ್ನೆರಡು ಹೆಜ್ಜೆಯೂ ತಡೆಯಲಿಲ್ಲ.

"ಕ್ಯಾನ್ಸರ್ ಅಲ್ವಂತೆ. ಏನೂ ಆಗಕಿಲ್ವಂತೆ."

ಬೋರಲಿಂಗಯ್ಯ ಅಷ್ಟು ಜನರ ಮುಂದೆಯೇ ಗಳಗಳನೆ ಅತ್ತ. ಮನೆದೇವರನ್ನು ನೆನೆದು ಕೈಮುಗಿದ. ಅವಳಿಗೂ ಅಳು ಬಂತು. ಪರವಾಗಿಲ್ಲ, ಮನುಷ್ಯ ಒಳ್ಳೆಯವನೇ ಅಂದುಕೊಂಡಳು.

ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಅವನ ಹೆಗಲ ಮೇಲಿದ್ದ ಬ್ಯಾಗು ಅವಳ ಕೈಗೆ ಬಂದಿತ್ತು. ನಾಲ್ಕು ಮಾರು ಮುಂದೆ ಹೋಗಿದ್ದವನು ತಿರುಗಿ ನೋಡಿದ.

"ಏಯ್, ಬಿರ್‍ರನೆ ಕಾಲಾಕು. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."

ಚಿಕ್ಕಲಕ್ಷ್ಮಮ್ಮ ಅಲ್ಲೇ ನಿಂತಳು.

"ಯಾವ್ದುಕ್ಕೂ ಇನ್ನೊಂದು ಆಸ್ಪತ್ರೇಲಿ ತೋರ್ಸುಬುಡಣ ಕನ," ಎಂದಳು. "ಈ ವಮ್ಮಂಗೆ ಸರ್ಯಾಗಿ ಗೊತ್ತಾಗ್ಲಿಲ್ಲ ಅನ್ನುಸ್ತದೆ."